ಪಿಡಿ-ಎಲ್1 ಶೇ. 60 ಅಂತ ಬಂದಿದೆ, ಹಾಗಂದ್ರೆ ಏನು?

ಕ್ಯಾನ್ಸರ್ ರೋಗಿಯ ಫೈಲಿನಲ್ಲಿ ಮೊದಲೆಲ್ಲ ಒಂದು ಬಯಾಪ್ಸಿ ರಿಪೋರ್ಟ್ ಇರುತ್ತಿತ್ತು, ಒಂದೆರಡು ಸ್ಕ್ಯಾನ್ ಇರುತ್ತಿದ್ದವು. ಈಗ ಇನ್ನೂ ಕೆಲವು ಹಾಳೆಗಳು ಸೇರಿಕೊಂಡಿವೆ. ಒಂದರಲ್ಲಿ ‘ಪಿಡಿ-ಎಲ್1 ಟಿಪಿಎಸ್ ಶೇ. 60’ ಅಂತ ಇರುತ್ತದೆ. ಇನ್ನೊಂದರಲ್ಲಿ ‘ಎಂಎಂಆರ್ ಪ್ರೊಫಿಶಿಯೆಂಟ್’, ಮತ್ತೊಂದರಲ್ಲಿ ‘ಇಜಿಎಫ್‌ಆರ್ ನೆಗೆಟಿವ್’. ಡಾಕ್ಟರು ಇಮ್ಯುನೋಥೆರಪಿಯ ಮಾತು ಎತ್ತುತ್ತಾರೆ. ಖರ್ಚು ಲಕ್ಷಗಟ್ಟಲೆ ಆಗಬಹುದು ಅನ್ನುತ್ತಾರೆ. ಮನೆಯವರ ತಲೆಯಲ್ಲಿ ಆಗ ಒಂದೇ ಪ್ರಶ್ನೆ: ಇದು ನಮ್ಮವರಿಗೆ ಕೆಲಸ ಮಾಡುತ್ತಾ?

ಈ ಹಾಳೆಗಳೆಲ್ಲ ಆ ಪ್ರಶ್ನೆಗೆ ಮೊದಲೇ ಉತ್ತರ ಹುಡುಕುವ ಟೆಸ್ಟುಗಳು. ಕೆಲವು ಗಟ್ಟಿಯಾದ ಉತ್ತರ ಕೊಡುತ್ತವೆ, ಕೆಲವು ಬರೀ ಅಂದಾಜು ಹೇಳುತ್ತವೆ. ಎಲ್ಲವೂ ಒಂದೇ ಥರದ ಕಾಗದದ ಮೇಲೆ ಅಚ್ಚಾಗಿ ಬರುವುದರಿಂದ ಆ ವ್ಯತ್ಯಾಸ ಕಣ್ಣಿಗೆ ಕಾಣುವುದಿಲ್ಲ.

ಈ ಔಷಧಿ ಮಾಡುವುದಾದರೂ ಏನು?

ಕೀಮೋ ನೇರವಾಗಿ ಕ್ಯಾನ್ಸರ್ ಕೋಶಗಳನ್ನು ಕೊಲ್ಲುತ್ತದೆ. ಇಮ್ಯುನೋಥೆರಪಿ ತಾನಾಗಿ ಗಡ್ಡೆಯನ್ನು ಕೊಲ್ಲುವುದಿಲ್ಲ. ಅದು ಕೆಲಸ ಮಾಡುವುದು ನಮ್ಮದೇ ರೋಗನಿರೋಧಕ ವ್ಯವಸ್ಥೆಯ ಮೇಲೆ.

ನಮ್ಮ ರಕ್ತದಲ್ಲಿ ಟಿ ಕೋಶ ಎಂಬ ಬಿಳಿ ರಕ್ತಕಣಗಳಿವೆ. ವೈರಸ್ ಹೊಕ್ಕ ಕೋಶಗಳನ್ನೂ ಕೆಟ್ಟುಹೋದ ಕೋಶಗಳನ್ನೂ ಗುರುತಿಸಿ ಕೊಲ್ಲುವುದು ಅವುಗಳ ಕೆಲಸ. ಆದರೆ ಅವು ಮಿತಿಮೀರಿದರೆ ನಮ್ಮ ಮೈಯನ್ನೇ ತಿನ್ನತೊಡಗುತ್ತವೆ. ಅದಕ್ಕಾಗಿ ಟಿ ಕೋಶದ ಮೇಲೆ ಪಿಡಿ-1 ಎಂಬ ಪ್ರೋಟೀನ್ ಇದೆ. ಎದುರಿನ ಕೋಶದ ಮೇಲೆ ಪಿಡಿ-ಎಲ್1 ಎಂಬ ಜೋಡಿ ಪ್ರೋಟೀನ್ ಇದ್ದು, ಎರಡೂ ಕೂಡಿಕೊಂಡರೆ ಟಿ ಕೋಶ ತಣ್ಣಗಾಗುತ್ತದೆ. ಕ್ಯಾನ್ಸರ್ ಇದನ್ನೇ ಬಳಸಿಕೊಳ್ಳುತ್ತದೆ. ತನ್ನ ಮೈಮೇಲೆ ಪಿಡಿ-ಎಲ್1 ಬೆಳೆಸಿಕೊಂಡು, ಕೊಲ್ಲಲು ಬಂದ ಟಿ ಕೋಶವನ್ನು ಸುಮ್ಮನಾಗಿಸುತ್ತದೆ.

ಪೆಂಬ್ರೊಲಿಜುಮ್ಯಾಬ್ ಮತ್ತು ನಿವೊಲುಮ್ಯಾಬ್ ಎಂಬ ಇಮ್ಯುನೋಥೆರಪಿ ಔಷಧಿಗಳು ಪಿಡಿ-1 ಮೇಲೆ ಕೂರುತ್ತವೆ. ಅಟೆಜೊಲಿಜುಮ್ಯಾಬ್ ಮತ್ತು ಡುರ್ವಾಲುಮ್ಯಾಬ್ ಪಿಡಿ-ಎಲ್1 ಮೇಲೆ ಕೂರುತ್ತವೆ. ಹೇಗಾದರೂ ಆ ಕೂಡಿಕೆ ತಪ್ಪುತ್ತದೆ, ಟಿ ಕೋಶ ಮತ್ತೆ ಕೆಲಸಕ್ಕೆ ಇಳಿಯುತ್ತದೆ. ಪಿಡಿ-1 ಪತ್ತೆಯಾದದ್ದು 1992ರಲ್ಲಿ, ಜಪಾನಿನ ಕ್ಯೋಟೋದಲ್ಲಿ, ತಸುಕು ಹೊಂಜೊ ಅವರ ಲ್ಯಾಬಿನಲ್ಲಿ. ಇಂಥದ್ದೇ ಇನ್ನೊಂದು ತಡೆಯಾದ ಸಿಟಿಎಲ್‌ಎ-4 ಮೇಲೆ ಅಮೆರಿಕದ ಜೇಮ್ಸ್ ಆಲಿಸನ್ ಕೆಲಸ ಮಾಡಿದ್ದರು. 2018ರ ವೈದ್ಯಕೀಯ ನೊಬೆಲ್ ಇಬ್ಬರಿಗೂ ಒಟ್ಟಿಗೆ ಬಂತು.

ಜನರ ಬಾಯಿಗೆ ಈ ಔಷಧಿ ಬಂದದ್ದು ಜಿಮ್ಮಿ ಕಾರ್ಟರ್ ಅವರಿಂದ. ಅಮೆರಿಕದ ಈ ಮಾಜಿ ಅಧ್ಯಕ್ಷರಿಗೆ 2015ರಲ್ಲಿ, 90ರ ವಯಸ್ಸಿನಲ್ಲಿ, ಮೆಲನೋಮ ಎಂಬ ಚರ್ಮದ ಕ್ಯಾನ್ಸರ್ ಮೆದುಳಿಗೆ ಹರಡಿತ್ತು. ಪೆಂಬ್ರೊಲಿಜುಮ್ಯಾಬ್ ಕೊಟ್ಟರು. ಅದೇ ಡಿಸೆಂಬರಿನಲ್ಲಿ ಕ್ಯಾನ್ಸರ್ ಕಾಣುತ್ತಿಲ್ಲ ಎಂದು ಅವರೇ ಹೇಳಿದರು. 100 ವರ್ಷ ತುಂಬಿದ ಮೇಲೆ, 2024ರ ಡಿಸೆಂಬರಿನಲ್ಲಿ ತೀರಿಕೊಂಡರು. ಅವರಿಗೆ ಲಿವರಿನ ಸರ್ಜರಿಯೂ ಮೆದುಳಿಗೆ ರೇಡಿಯೇಶನ್ನೂ ಆಗಿತ್ತು ಎಂಬುದನ್ನು ಮಾತ್ರ ಈ ಕಥೆ ಹೇಳುವವರು ಸಾಮಾನ್ಯವಾಗಿ ಬಿಟ್ಟುಬಿಡುತ್ತಾರೆ.

ಎಲ್ಲರಿಗೂ ಹೀಗಾಗುವುದಿಲ್ಲ. 2018ರ ಹೊತ್ತಿಗೆ ಅಮೆರಿಕದ ಪ್ರತಿ 100 ಕ್ಯಾನ್ಸರ್ ರೋಗಿಗಳಲ್ಲಿ ಸುಮಾರು 44 ಮಂದಿ ಇಂಥ ಔಷಧಿಗೆ ಅರ್ಹರಾಗಿದ್ದರು, ಸುಮಾರು 12 ಮಂದಿಗೆ ಮಾತ್ರ ಗಡ್ಡೆ ಕುಗ್ಗುತ್ತದೆ ಎಂದು ಒಂದು ಅಧ್ಯಯನ ಅಂದಾಜು ಮಾಡಿತ್ತು. ಉಳಿದವರಿಗೆ ದುಡ್ಡೂ ಹೋಗುತ್ತದೆ, ಸಮಯವೂ ಹೋಗುತ್ತದೆ. ಅಡ್ಡ ಪರಿಣಾಮವೂ ಇದೆ. ತಡೆ ತೆಗೆದ ಟಿ ಕೋಶಗಳು ಥೈರಾಯ್ಡ್, ಕರುಳು, ಶ್ವಾಸಕೋಶ, ಲಿವರ್ ಮೇಲೆ ಬೀಳಬಹುದು, ಅಪರೂಪಕ್ಕೆ ಹೃದಯದ ಮೇಲೂ. ಹಾಗಾಗಿ ಯಾರಿಗೆ ಹಿಡಿಯುತ್ತದೆ ಎಂದು ಮೊದಲೇ ತಿಳಿಯುವ ಆಸೆ ಬರೀ ಕುತೂಹಲವಲ್ಲ.

ಬಯೋಮಾರ್ಕರ್ ಎಂದರೆ

ಗಡ್ಡೆಯಲ್ಲೋ ರಕ್ತದಲ್ಲೋ ಅಳೆಯಬಹುದಾದ ಒಂದು ಗುರುತು, ಅಷ್ಟೇ. ಆದರೆ ಗುರುತುಗಳಲ್ಲಿ ಎರಡು ಬಗೆ ಇವೆ. ಒಂದು ಬಗೆ, ಯಾವ ಔಷಧಿ ಕೊಟ್ಟರೂ ಈ ರೋಗ ಹೇಗೆ ಮುಂದುವರಿಯಬಹುದು ಅಂತ ಹೇಳುತ್ತದೆ. ಇನ್ನೊಂದು ಬಗೆ, ಇಂಥ ಔಷಧಿಯೇ ಈ ರೋಗಿಗೆ ಹೆಚ್ಚು ಉಪಯೋಗವೇ ಎಂದು ಹೇಳುತ್ತದೆ. ಇಲ್ಲಿ ಮಾತಾಡುತ್ತಿರುವುದು ಎರಡನೆಯದರ ಬಗ್ಗೆ. ‘ನಿಮ್ಮ ಮಾರ್ಕರ್ ಚೆನ್ನಾಗಿದೆ’ ಎಂದು ಯಾರಾದರೂ ಹೇಳಿದರೆ, ಯಾವ ಅರ್ಥದಲ್ಲಿ ಚೆನ್ನಾಗಿದೆ ಅಂತ ಕೇಳಲೇಬೇಕು.

ಪಿಡಿ-ಎಲ್1: ಎಲ್ಲರೂ ಮಾಡಿಸುವ ಟೆಸ್ಟ್

ಬಯಾಪ್ಸಿಯ ತುಣುಕನ್ನು ಫಾರ್ಮಲಿನ್‌ನಲ್ಲಿ ಇಟ್ಟು, ಆಮೇಲೆ ಮೇಣದಲ್ಲಿ ಕೂರಿಸುತ್ತಾರೆ. ಇದಕ್ಕೆ ಬ್ಲಾಕ್ ಎನ್ನುತ್ತಾರೆ. ಅದರಿಂದ ತೆಳ್ಳಗೆ ಪದರ ಕತ್ತರಿಸಿ ಗಾಜಿನ ಮೇಲಿಟ್ಟು, ಪಿಡಿ-ಎಲ್1ಗೆ ಮಾತ್ರ ಅಂಟಿಕೊಳ್ಳುವ ಒಂದು ಆ್ಯಂಟಿಬಾಡಿ ಹಾಕುತ್ತಾರೆ. ಅಂಟಿದ ಕಡೆ ಕಂದು ಬಣ್ಣ ಬರುತ್ತದೆ. ಲ್ಯಾಬಿನವರು ಇದನ್ನು ಐಎಚ್‌ಸಿ ಎನ್ನುತ್ತಾರೆ. ಮುಂದಿನ ಕೆಲಸ ಪೆಥಾಲಜಿಸ್ಟರ ಕಣ್ಣಿನದು. ಮೈಕ್ರೋಸ್ಕೋಪಿನಲ್ಲಿ ನೋಡಿ, ಎಷ್ಟು ಕೋಶಗಳ ಅಂಚು ಬಣ್ಣ ಹಿಡಿದಿದೆ ಎಂದು ಲೆಕ್ಕ ಹಾಕುತ್ತಾರೆ. ಕಡೇ ಪಕ್ಷ 100 ಜೀವಂತ ಕ್ಯಾನ್ಸರ್ ಕೋಶಗಳಾದರೂ ಇರಬೇಕು, ಇಲ್ಲದಿದ್ದರೆ ಲೆಕ್ಕ ನಂಬುವಂತಿಲ್ಲ.

ಸ್ಕೋರಿನಲ್ಲಿ ಮುಖ್ಯವಾಗಿ ಎರಡು ಬಗೆ. ಟಿಪಿಎಸ್‌ನಲ್ಲಿ ಕ್ಯಾನ್ಸರ್ ಕೋಶಗಳನ್ನು ಮಾತ್ರ ಎಣಿಸುತ್ತಾರೆ. ನೂರರಲ್ಲಿ 20 ಬಣ್ಣ ಹಿಡಿದಿದ್ದರೆ ಟಿಪಿಎಸ್ ಶೇ. 20. ಶ್ವಾಸಕೋಶದ ಕ್ಯಾನ್ಸರಿಗೆ ಬಳಕೆಯಲ್ಲಿರುವುದು ಇದು. ಸಿಪಿಎಸ್‌ನಲ್ಲಿ ಗಡ್ಡೆಯ ನಡುವೆ ಸೇರಿಕೊಂಡ ರಕ್ಷಣಾ ಕೋಶಗಳನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರೆ. ಅದೇ ನೂರು ಕ್ಯಾನ್ಸರ್ ಕೋಶಗಳಲ್ಲಿ 20 ಬಣ್ಣ ಹಿಡಿದಿವೆ, ಜೊತೆಗೆ ಬಣ್ಣ ಹಿಡಿದ ರಕ್ಷಣಾ ಕೋಶ 15 ಇವೆ ಅಂದುಕೊಳ್ಳಿ. ಸಿಪಿಎಸ್ 35 ಆಯಿತು. ತಲೆ ಮತ್ತು ಕುತ್ತಿಗೆಯ ಕ್ಯಾನ್ಸರ್, ಟ್ರಿಪಲ್ ನೆಗೆಟಿವ್ ಸ್ತನ ಕ್ಯಾನ್ಸರ್‌ಗಳಲ್ಲಿ ಇದು ನಡೆಯುತ್ತದೆ. ಒಂದೇ ಗಾಜಿನ ಸ್ಲೈಡ್, ಎರಡು ಬೇರೆ ಅಂಕಿ. ಪಕ್ಕದ ಬೆಡ್ಡಿನವರ ಅಂಕಿಯ ಜೊತೆ ನಮ್ಮದನ್ನು ಹೋಲಿಸಿ ನೋಡುವುದು ಎಷ್ಟು ವ್ಯರ್ಥ ಎಂದು ಇದರಿಂದಲೇ ಗೊತ್ತಾಗುತ್ತದೆ, ಅಲ್ವಾ?

ಈ ಅಂಕಿ ಔಷಧಿಯ ಬಗ್ಗೆ ಏನಾದರೂ ಹೇಳಲು ಕಾರಣವಿದೆ. ಟಿ ಕೋಶಗಳು ಗಡ್ಡೆಯೊಳಗೆ ಬಂದು ದಾಳಿ ಶುರು ಮಾಡಿದಾಗ ಇಂಟರ್‌ಫೆರಾನ್ ಗಾಮಾ ಎಂಬ ರಾಸಾಯನಿಕ ಬಿಡುತ್ತವೆ. ಅದನ್ನು ಕಂಡ ಕ್ಯಾನ್ಸರ್ ಕೋಶ ಪಿಡಿ-ಎಲ್1 ಹೆಚ್ಚಿಸಿಕೊಳ್ಳುತ್ತದೆ. ಅಂದರೆ ಪಿಡಿ-ಎಲ್1 ಜಾಸ್ತಿ ಇದ್ದರೆ, ಟಿ ಕೋಶಗಳು ಆಗಲೇ ಒಳಗೆ ಬಂದು ಸಿಕ್ಕಿಹಾಕಿಕೊಂಡಿರುವ ಸಾಧ್ಯತೆ ಇದೆ. ತಡೆ ತೆಗೆದರೆ ಸಾಕು. ಟಿ ಕೋಶಗಳೇ ಬಾರದ ಗಡ್ಡೆಯಲ್ಲಿ ತಡೆ ತೆಗೆದು ಏನು ಪ್ರಯೋಜನ?

ಈಗ ಶ್ವಾಸಕೋಶದ ಕ್ಯಾನ್ಸರಿನ ಅಂಕಿ ನೋಡೋಣ. ಪೆಂಬ್ರೊಲಿಜುಮ್ಯಾಬ್‌ನ ಮೊದಲ ದೊಡ್ಡ ಪ್ರಯೋಗದ ಫಲಿತಾಂಶ 2015ರಲ್ಲಿ ಬಂತು. ಪಿಡಿ-ಎಲ್1 ಶೇ. 50 ಅಥವಾ ಹೆಚ್ಚು ಇದ್ದವರಲ್ಲಿ ನೂರಕ್ಕೆ ಸುಮಾರು 45 ಜನರಿಗೆ ಗಡ್ಡೆ ಕುಗ್ಗಿತು. ಶೇ. 1ರಿಂದ 49 ಇದ್ದವರಲ್ಲಿ ಸುಮಾರು 16 ಜನರಿಗೆ. ಶೇ. 1ಕ್ಕಿಂತ ಕಡಿಮೆ, ಅಂದರೆ ‘ನೆಗೆಟಿವ್’ ಎನಿಸಿಕೊಂಡವರಲ್ಲೂ ಸುಮಾರು 11 ಜನರಿಗೆ. ಈ ಮೂರು ಅಂಕಿಗಳನ್ನು ಇನ್ನೊಮ್ಮೆ ಓದಿ. ಅತಿ ಹೆಚ್ಚು ಸ್ಕೋರ್ ಇದ್ದವರಲ್ಲೂ ಅರ್ಧಕ್ಕಿಂತ ಹೆಚ್ಚು ಮಂದಿಗೆ ಔಷಧಿ ಒಂದೇ ಹಿಡಿಯಲಿಲ್ಲ. ಸ್ಕೋರೇ ಇಲ್ಲದವರಲ್ಲಿ ಕೆಲವರಿಗೆ ಹಿಡಿಯಿತು. ಮೆಟ್ಟಿಲು ಇದೆ, ಗೋಡೆ ಇಲ್ಲ.

ಶೇ. 50 ಎಂಬ ಗೆರೆಯನ್ನು ಎಳೆದದ್ದೂ ಇದೇ ಅಂಕಿಅಂಶ ನೋಡಿ. ಆ ಗೆರೆಯ ಮೇಲಿದ್ದ 305 ರೋಗಿಗಳ ಮೇಲೆ ಇನ್ನೊಂದು ಪ್ರಯೋಗ ನಡೆದು 2016ರಲ್ಲಿ ಪ್ರಕಟವಾಯಿತು. ಕೀಮೋ ಪಡೆದವರಿಗಿಂತ ಇಮ್ಯುನೋಥೆರಪಿ ಪಡೆದವರು ಹೆಚ್ಚು ಕಾಲ ಚೆನ್ನಾಗಿದ್ದರು. ಐದು ವರ್ಷದ ನಂತರ ಬದುಕಿದ್ದವರು ಇಮ್ಯುನೋಥೆರಪಿ ಗುಂಪಿನಲ್ಲಿ ಸುಮಾರು ಶೇ. 32, ಕೀಮೋದಿಂದ ಶುರು ಮಾಡಿದ ಗುಂಪಿನಲ್ಲಿ ಸುಮಾರು ಶೇ. 16. ಹರಡಿದ ಶ್ವಾಸಕೋಶದ ಕ್ಯಾನ್ಸರಿಗೆ ಇದು ದೊಡ್ಡ ಮಾತು. ಸ್ಕೋರ್ ಕಡಿಮೆ ಇದ್ದವರನ್ನೂ ಈಗ ಸುಮ್ನೆ ಬಿಡುವುದಿಲ್ಲ, ಕೀಮೋ ಜೊತೆ ಸೇರಿಸಿ ಇದನ್ನೇ ಕೊಡುವುದುಂಟು. ಮೆಲನೋಮ ಮತ್ತು ಕಿಡ್ನಿ ಕ್ಯಾನ್ಸರಿನಲ್ಲಂತೂ ಸಾಮಾನ್ಯವಾಗಿ ಪಿಡಿ-ಎಲ್1 ನೋಡಿ ಔಷಧಿ ನಿರ್ಧರಿಸುವುದಿಲ್ಲ.

ಒಂದೇ ರೋಗಿ, ಎರಡು ಲ್ಯಾಬ್, ಎರಡು ಅಂಕಿ

ಅನ್ನ ಬೆಂದಿದೆಯೇ ಎಂದು ಒಂದು ಅಗುಳು ಹಿಸುಕಿ ನೋಡಿದರೆ ಸಾಕು, ಇಡೀ ಪಾತ್ರೆಯದು ಗೊತ್ತಾಗುತ್ತದೆ. ಗಡ್ಡೆಯಲ್ಲಿ ಈ ಲೆಕ್ಕ ನಡೆಯುವುದಿಲ್ಲ. ಒಂದು ಮೂಲೆಯಲ್ಲಿ ಪಿಡಿ-ಎಲ್1 ತುಂಬಿಕೊಂಡಿದ್ದು ಇನ್ನೊಂದು ಮೂಲೆಯಲ್ಲಿ ಏನೂ ಇಲ್ಲದಿರಬಹುದು. ಶ್ವಾಸಕೋಶದ ಗಡ್ಡೆಯ ಅಂಕಿ, ಅದೇ ರೋಗಿಯ ಲಿವರಿಗೆ ಹರಡಿದ ಗಡ್ಡೆಯ ಅಂಕಿ ಬೇರೆ ಇರಬಹುದು. ಬಯಾಪ್ಸಿ ಸೂಜಿಗೆ ಸಿಕ್ಕಿದ್ದು ಯಾವ ಮೂಲೆಯೋ, ರಿಪೋರ್ಟ್ ಅದರದ್ದೇ.

ಆ್ಯಂಟಿಬಾಡಿಯಿಂದಲೂ ವ್ಯತ್ಯಾಸ ಬರುತ್ತದೆ. 22ಸಿ3, 28-8, ಎಸ್‌ಪಿ263, ಎಸ್‌ಪಿ142 ಎಂಬ ನಾಲ್ಕು ಹೆಸರು ರಿಪೋರ್ಟಿನಲ್ಲಿ ಸಾಮಾನ್ಯ. ಔಷಧಿ ಕಂಪನಿಗಳು ತಮ್ಮ ತಮ್ಮ ಪ್ರಯೋಗಕ್ಕೆ ಬೇರೆ ಬೇರೆ ಆ್ಯಂಟಿಬಾಡಿ ಬಳಸಿದ್ದರಿಂದ ಹೀಗಾಯಿತು. ಹೋಲಿಸಿ ನೋಡಿದಾಗ ಮೊದಲ ಮೂರು ಹೆಚ್ಚುಕಡಿಮೆ ಒಂದೇ ಥರ ಬಣ್ಣ ಹಿಡಿಯುತ್ತವೆ, ಎಸ್‌ಪಿ142 ಮಾತ್ರ ಕ್ಯಾನ್ಸರ್ ಕೋಶಗಳಲ್ಲಿ ಕಡಿಮೆ ತೋರಿಸುತ್ತದೆ ಎಂದು ಕಂಡುಬಂದಿದೆ. ಎರಡು ರಿಪೋರ್ಟ್ ಹೊಂದದಿದ್ದರೆ ಲ್ಯಾಬನ್ನು ಬೈಯುವ ಮೊದಲು ಆ್ಯಂಟಿಬಾಡಿಯ ಹೆಸರು ನೋಡಿ.

ಎಂಎಂಆರ್ ಮತ್ತು ಎಂಎಸ್‌ಐ: ಇಲ್ಲಿ ಉತ್ತರ ಗಟ್ಟಿ

ಕೋಶ ಇಬ್ಭಾಗವಾಗುವಾಗಲೆಲ್ಲ ಡಿಎನ್‌ಎಯ ನಕಲು ತಯಾರಾಗಬೇಕು. ನಕಲು ಮಾಡುವಾಗ ತಪ್ಪುಗಳು ಬೀಳುತ್ತವೆ. ಅವನ್ನು ತಿದ್ದುವುದಕ್ಕೇ ಪ್ರೋಟೀನುಗಳಿವೆ: ಎಂಎಲ್‌ಎಚ್1, ಎಂಎಸ್‌ಎಚ್2, ಎಂಎಸ್‌ಎಚ್6, ಪಿಎಂಎಸ್2. ಈ ತಿದ್ದುವ ವ್ಯವಸ್ಥೆಯ ಹೆಸರೇ ಎಂಎಂಆರ್. ಅದು ಸರಿ ಇದ್ದರೆ ರಿಪೋರ್ಟಿನಲ್ಲಿ ‘ಪ್ರೊಫಿಶಿಯೆಂಟ್’, ಕೆಟ್ಟಿದ್ದರೆ ‘ಡೆಫಿಶಿಯೆಂಟ್’ ಎಂದಿರುತ್ತದೆ. ನಾಲ್ಕರಲ್ಲಿ ಯಾವುದಾದರೂ ಕೈಕೊಟ್ಟರೆ ತಪ್ಪುಗಳು ರಾಶಿ ಬೀಳುತ್ತವೆ. ಡಿಎನ್‌ಎಯಲ್ಲಿ ಒಂದೇ ಅಕ್ಷರಗಳು ಮತ್ತೆ ಮತ್ತೆ ಬರುವ ಜಾಗಗಳ ಉದ್ದವೂ ಏರುಪೇರಾಗುತ್ತದೆ. ಆ ಏರುಪೇರು ಜಾಸ್ತಿ ಇದ್ದರೆ ರಿಪೋರ್ಟ್ ಎಂಎಸ್‌ಐ-ಹೈ ಎನ್ನುತ್ತದೆ. ಹೆಸರು ಎರಡು, ಹೇಳುವ ವಿಷಯ ಬಹುತೇಕ ಒಂದೇ.

ಇಷ್ಟೊಂದು ತಪ್ಪು ತುಂಬಿದ ಕೋಶ ವಿಚಿತ್ರ ಪ್ರೋಟೀನುಗಳನ್ನು ತಯಾರಿಸುತ್ತದೆ. ಟಿ ಕೋಶಗಳಿಗೆ ಅದು ಪರಕೀಯ ಎಂದು ಬೇಗ ಗೊತ್ತಾಗುತ್ತದೆ. ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ಸಂಶೋಧಕರು 2015ರಲ್ಲಿ ಪ್ರಕಟಿಸಿದ ಸಣ್ಣ ಅಧ್ಯಯನದಲ್ಲಿ, ತಿದ್ದುವ ವ್ಯವಸ್ಥೆ ಕೆಟ್ಟ ಗಡ್ಡೆಗಳಲ್ಲಿ ಸರಾಸರಿ 1,782 ಮ್ಯುಟೇಶನ್ (ಡಿಎನ್‌ಎಯಲ್ಲಿನ ಬದಲಾವಣೆ) ಇದ್ದವು, ಸರಿ ಇದ್ದ ಗಡ್ಡೆಗಳಲ್ಲಿ 73. ಕರುಳಿನ ಕ್ಯಾನ್ಸರ್ ಇದ್ದವರನ್ನೇ ನೋಡಿದರೆ, ಮೊದಲ ಗುಂಪಿನ 10 ಜನರಲ್ಲಿ 4 ಜನರಿಗೆ ಪೆಂಬ್ರೊಲಿಜುಮ್ಯಾಬ್‌ನಿಂದ ಗಡ್ಡೆ ಕುಗ್ಗಿತು. ಎರಡನೇ ಗುಂಪಿನ 18 ಜನರಲ್ಲಿ ಒಬ್ಬರಿಗೂ ಇಲ್ಲ. ಪಿಡಿ-ಎಲ್1ನ ಮಸುಕು ಮೆಟ್ಟಿಲುಗಳ ಪಕ್ಕದಲ್ಲಿ ಇದು ಎಷ್ಟು ಸ್ಪಷ್ಟ ನೋಡಿ.

2017ರ ಮೇನಲ್ಲಿ ಅಮೆರಿಕದಲ್ಲಿ ಔಷಧಿಗಳಿಗೆ ಒಪ್ಪಿಗೆ ಕೊಡುವ ಸಂಸ್ಥೆ ಎಫ್‌ಡಿಎ ಹಿಂದೆಂದೂ ಮಾಡದ ಕೆಲಸ ಮಾಡಿತು. ಕ್ಯಾನ್ಸರ್ ಯಾವ ಅಂಗದಲ್ಲೇ ಹುಟ್ಟಿರಲಿ, ಎಂಎಂಆರ್ ಕೆಟ್ಟ ಅಥವಾ ಎಂಎಸ್‌ಐ-ಹೈ ಎಂಬ ಈ ಗುರುತು ಇದ್ದರೆ ಪೆಂಬ್ರೊಲಿಜುಮ್ಯಾಬ್ ಕೊಡಬಹುದು ಎಂದು ಒಪ್ಪಿಗೆ ಕೊಟ್ಟಿತು. ಅಲ್ಲಿಯವರೆಗೆ ಔಷಧಿಗೆ ಒಪ್ಪಿಗೆ ಸಿಗುತ್ತಿದ್ದುದು ಸ್ತನಕ್ಕೆ, ಶ್ವಾಸಕೋಶಕ್ಕೆ ಎಂದು ಅಂಗದ ಲೆಕ್ಕದಲ್ಲಿ.

ಇನ್ನೂ ಅಚ್ಚರಿಯ ಸುದ್ದಿ ಬಂದದ್ದು ನ್ಯೂಯಾರ್ಕಿನ ಮೆಮೋರಿಯಲ್ ಸ್ಲೋನ್ ಕೆಟರಿಂಗ್ ಆಸ್ಪತ್ರೆಯಿಂದ. ಈ ಗುರುತು ಇದ್ದ, ಬೇರೆ ಅಂಗಕ್ಕೆ ಹರಡದ ಗುದನಾಳದ ಕ್ಯಾನ್ಸರ್ ರೋಗಿಗಳಿಗೆ ಡೊಸ್ಟಾರ್ಲಿಮ್ಯಾಬ್ ಎಂಬ ಪಿಡಿ-1 ಔಷಧಿಯನ್ನು ಆರು ತಿಂಗಳು ಕೊಟ್ಟರು. 2022ರ ವರದಿಯಲ್ಲಿ 12 ಜನ, ಹನ್ನೆರಡೂ ಜನರಲ್ಲಿ ಗಡ್ಡೆ ಕಾಣದಾಯಿತು. 2025ರ ಹೊತ್ತಿಗೆ ಚಿಕಿತ್ಸೆ ಮುಗಿಸಿದವರು 49 ಆದರು, ಅಷ್ಟೂ ಜನರಿಗೂ ಹಾಗೆಯೇ. ಸರ್ಜರಿ, ರೇಡಿಯೇಶನ್ ಎರಡೂ ಬೇಕಾಗಲಿಲ್ಲ. ಈ ಸುದ್ದಿ ಇಲ್ಲಿನ ವಾಟ್ಸ್‌ಆ್ಯಪ್‌ಗಳಲ್ಲಿ ‘ಕ್ಯಾನ್ಸರಿಗೆ ಮದ್ದು ಸಿಕ್ಕಿತು’ ಎಂದು ಓಡಾಡಿದ್ದನ್ನು ನೀವೂ ನೋಡಿರಬಹುದು. ಅದರಲ್ಲಿ ಬಿಟ್ಟುಹೋದದ್ದು ‘ಈ ಗುರುತು ಇದ್ದವರಿಗೆ’ ಎಂಬ ಮಾತು. ಕರುಳಿನ ಕ್ಯಾನ್ಸರುಗಳನ್ನೆಲ್ಲ ಸೇರಿಸಿದರೆ ಈ ಗುರುತು ಇರುವುದು ನೂರಕ್ಕೆ ಸುಮಾರು 15ರಲ್ಲಿ. ಬೇರೆ ಅಂಗಗಳಿಗೆ ಹರಡಿದ ಹಂತದಲ್ಲಿ ನೂರಕ್ಕೆ ನಾಲ್ಕೈದರಲ್ಲಿ ಮಾತ್ರ.

ಈ ಟೆಸ್ಟ್ ರೋಗಿಯೊಬ್ಬರದ್ದೇ ವಿಷಯವಲ್ಲ. ತಿದ್ದುವ ಜೀನ್ ಹುಟ್ಟಿನಿಂದಲೇ ಕೆಟ್ಟಿದ್ದರೆ ಅದು ಲಿಂಚ್ ಸಿಂಡ್ರೋಮ್. ತಂದೆಯಿಂದಲೋ ತಾಯಿಯಿಂದಲೋ ಮಕ್ಕಳಿಗೆ ಬರುವ ಸಾಧ್ಯತೆ ಅರ್ಧಕ್ಕೆ ಅರ್ಧ. ಅಂಥ ಮನೆಗಳಲ್ಲಿ ಕರುಳಿನ ಮತ್ತು ಗರ್ಭಕೋಶದ ಕ್ಯಾನ್ಸರ್ ಸಣ್ಣ ವಯಸ್ಸಿಗೇ ಕಾಣಿಸಿಕೊಳ್ಳಬಹುದು. ಗುರುತು ಇದ್ದ ಮಾತ್ರಕ್ಕೆ ಅದು ಲಿಂಚ್ ಅಲ್ಲ. ಎಷ್ಟೋ ಸಲ ಎಂಎಲ್‌ಎಚ್1 ಜೀನ್ ವಯಸ್ಸಾದ ಮೇಲೆ ಆ ಗಡ್ಡೆಯಲ್ಲಿ ಮಾತ್ರ ನಿಂತುಹೋಗಿರುತ್ತದೆ. ಲಿಂಚ್ ಹೌದೋ ಅಲ್ಲವೋ ಎಂದು ತಿಳಿಯಲು ಬೇರೆ ರಕ್ತಪರೀಕ್ಷೆ ಬೇಕು. ಲಿಂಚ್ ಎಂದು ಖಚಿತವಾದರೆ ಅಣ್ಣ ತಮ್ಮ, ಅಕ್ಕ ತಂಗಿ, ಮಕ್ಕಳು ಕಾಲಕಾಲಕ್ಕೆ ಕೊಲೊನೋಸ್ಕೋಪಿ ಮಾಡಿಸಿಕೊಂಡು ಮೊದಲೇ ಎಚ್ಚರ ವಹಿಸಬಹುದು.

ಟಿಎಂಬಿ: ಇನ್ನೂ ತಕರಾರು ಇದೆ

ಗಡ್ಡೆಯ ಡಿಎನ್‌ಎಯಲ್ಲಿ ಪ್ರತಿ ಹತ್ತು ಲಕ್ಷ ಅಕ್ಷರಕ್ಕೆ ಎಷ್ಟು ಮ್ಯುಟೇಶನ್ ಇವೆ ಎಂಬ ಎಣಿಕೆ ಇದು. ಬೀಡಿ ಸಿಗರೇಟಿನಿಂದ ಬಂದ ಶ್ವಾಸಕೋಶದ ಕ್ಯಾನ್ಸರ್, ಬಿಸಿಲಿನಿಂದ ಬಂದ ಮೆಲನೋಮಗಳಲ್ಲಿ ಜಾಸ್ತಿ. ಹತ್ತು ಅಥವಾ ಹೆಚ್ಚು ಇದ್ದರೆ ಪೆಂಬ್ರೊಲಿಜುಮ್ಯಾಬ್ ಕೊಡಬಹುದು ಎಂದು ಎಫ್‌ಡಿಎ 2020ರಲ್ಲಿ ಹೇಳಿತು. ಆಧಾರ 102 ರೋಗಿಗಳು, ಗಡ್ಡೆ ಕುಗ್ಗಿದ್ದು ಶೇ. 29 ಮಂದಿಗೆ. ಆದರೆ ಕಿಡ್ನಿ ಕ್ಯಾನ್ಸರಿನಲ್ಲಿ ಟಿಎಂಬಿ ಕಡಿಮೆ, ಔಷಧಿ ಹಿಡಿಯುತ್ತದೆ. ಹತ್ತು ಎಂಬ ಗೆರೆ ಎಲ್ಲ ಕ್ಯಾನ್ಸರಿಗೂ ಸರಿಯೇ ಎಂಬ ಜಗಳ ಮುಗಿದಿಲ್ಲ. ನೂರಾರು ಜೀನ್ ನೋಡುವ ದೊಡ್ಡ ಪ್ಯಾನೆಲ್ ಟೆಸ್ಟಿನಲ್ಲಿ ಈ ಅಂಕಿ ಜೊತೆಗೆ ಬರುತ್ತದೆ. ಇದೊಂದಕ್ಕೇ ಅಂತ ಆ ಖರ್ಚು ಮಾಡುವ ಮೊದಲು, ಫಲಿತಾಂಶದಿಂದ ಚಿಕಿತ್ಸೆ ಬದಲಾಗುತ್ತದೆಯೇ ಎಂದು ಕೇಳುವುದು ಒಳ್ಳೆಯದು.

‘ಬೇಡ’ ಎನ್ನುವ ಗುರುತುಗಳು

ಇಮ್ಯುನೋಥೆರಪಿ ಬೇಡ ಎನ್ನುವ ಟೆಸ್ಟುಗಳೂ ಇವೆ. ಅವುಗಳ ಬಗ್ಗೆ ಮಾತು ಕಡಿಮೆ, ಆದರೆ ನಮ್ಮ ಕಡೆಯ ರೋಗಿಗಳಿಗೆ ಇವೇ ಹೆಚ್ಚು ಮುಖ್ಯ ಅನ್ನಬಹುದು.

ಭಾರತದಲ್ಲಿ ಅಡೆನೋಕಾರ್ಸಿನೋಮ ಎಂಬ ಬಗೆಯ ಶ್ವಾಸಕೋಶದ ಕ್ಯಾನ್ಸರ್ ರೋಗಿಗಳಲ್ಲಿ, ಅದರಲ್ಲೂ ಸಿಗರೇಟು ಮುಟ್ಟದವರಲ್ಲಿ, ಇಜಿಎಫ್‌ಆರ್ ಜೀನಿನ ಮ್ಯುಟೇಶನ್ ಸಾಕಷ್ಟು ಸಾಮಾನ್ಯ. ಎಎಲ್‌ಕೆ ಎಂಬ ಇನ್ನೊಂದು ಜೀನಿನ ಬದಲಾವಣೆ ಇರುವವರೂ ಇದ್ದಾರೆ. ಇವರಿಗೆ ಆ ಜೀನಿಗೇ ಗುರಿಯಿಟ್ಟ ಮಾತ್ರೆಗಳಿವೆ, ಚೆನ್ನಾಗಿ ಕೆಲಸ ಮಾಡುತ್ತವೆ. ಇಮ್ಯುನೋಥೆರಪಿ ಇವರಿಗೆ ಅಷ್ಟಾಗಿ ಹಿಡಿಯುವುದಿಲ್ಲ. ತೊಡಕು ಏನೆಂದರೆ ಇವರ ಪಿಡಿ-ಎಲ್1 ಸ್ಕೋರ್ ಎತ್ತರ ಇರಬಹುದು! ಇಲ್ಲಿ ಪಿಡಿ-ಎಲ್1 ಹೆಚ್ಚಲು ಟಿ ಕೋಶಗಳು ಬರಲೇಬೇಕೆಂದಿಲ್ಲ, ಕೆಟ್ಟ ಜೀನ್ ತಾನೇ ಹೆಚ್ಚಿಸಬಲ್ಲದು.

ಇದನ್ನು ನೇರವಾಗಿ ಪರೀಕ್ಷಿಸಿದ ಅಮೆರಿಕದ ಪ್ರಯೋಗವೊಂದರ ವರದಿ 2018ರಲ್ಲಿ ಬಂತು. ಇಜಿಎಫ್‌ಆರ್ ಮ್ಯುಟೇಶನ್ ಇದ್ದು ಪಿಡಿ-ಎಲ್1 ಕೂಡ ಇದ್ದವರಿಗೆ ಮೊದಲು ಪೆಂಬ್ರೊಲಿಜುಮ್ಯಾಬ್ ಕೊಟ್ಟು ನೋಡಿದರು. 25 ಜನರನ್ನು ಸೇರಿಸಿಕೊಳ್ಳುವ ಯೋಜನೆ ಇತ್ತು, 11ಕ್ಕೇ ನಿಲ್ಲಿಸಬೇಕಾಯಿತು. ಹನ್ನೊಂದರಲ್ಲಿ ಒಬ್ಬರಿಗೆ ಮಾತ್ರ ಗಡ್ಡೆ ಕುಗ್ಗಿತ್ತು. ಅವರ ಬ್ಲಾಕನ್ನು ಮತ್ತೆ ಪರೀಕ್ಷೆ ಮಾಡಿದಾಗ ಇಜಿಎಫ್‌ಆರ್ ಮ್ಯುಟೇಶನ್ ಇರಲೇ ಇಲ್ಲ, ಮೊದಲ ರಿಪೋರ್ಟೇ ತಪ್ಪಾಗಿತ್ತು.

ಅಪಾಯವೂ ಇದೆ. ಇಮ್ಯುನೋಥೆರಪಿ ಕೊಟ್ಟ ಸ್ವಲ್ಪ ದಿನಕ್ಕೇ ಒಸಿಮರ್ಟಿನಿಬ್ ಎಂಬ ಇಜಿಎಫ್‌ಆರ್ ಮಾತ್ರೆ ಶುರು ಮಾಡಿದರೆ ಶ್ವಾಸಕೋಶದ ತೀವ್ರ ಉರಿಯೂತ ಹೆಚ್ಚು ಕಾಣಿಸುತ್ತದೆ. ಪಿಡಿ-ಎಲ್1 ರಿಪೋರ್ಟ್ ಬೇಗ ಬರುತ್ತದೆ, ಜೀನ್ ರಿಪೋರ್ಟಿಗೆ ಹೆಚ್ಚು ದಿನ ಬೇಕು. ಆ ಮಧ್ಯೆ ಬರುವ ಆತುರ ಎಲ್ಲರಿಗೂ ಅರ್ಥವಾಗುತ್ತದೆ. ಆದರೂ ರೋಗಿಯ ಸ್ಥಿತಿ ತೀರಾ ಹದಗೆಟ್ಟಿಲ್ಲದಿದ್ದರೆ ಜೀನ್ ರಿಪೋರ್ಟಿಗಾಗಿ ಕಾಯುವುದೇ ಸರಿ. ಕಾಯಲು ಆಗದಿದ್ದರೆ ಸದ್ಯಕ್ಕೆ ಕೀಮೋ ಮಾತ್ರ ಶುರು ಮಾಡುವ ದಾರಿ ಇದೆ.

ನಮ್ಮಲ್ಲಿ ದುಡ್ಡಿನ ಲೆಕ್ಕ

ಪೆಂಬ್ರೊಲಿಜುಮ್ಯಾಬ್ ಮೇಲಿನ ಆಮದು ಸುಂಕವನ್ನು ಕೇಂದ್ರ ಸರ್ಕಾರ 2023ರಲ್ಲಿ ತೆಗೆದುಹಾಕಿತು. 2024ರ ಬಜೆಟ್ಟಿನಲ್ಲಿ ಡುರ್ವಾಲುಮ್ಯಾಬ್ ಮತ್ತು ಒಸಿಮರ್ಟಿನಿಬ್‌ಗೂ ಹಾಗೇ ಮಾಡಿತು. ಅಷ್ಟಾದರೂ ಪೂರ್ತಿ ಡೋಸಿನ ಚಿಕಿತ್ಸೆ ಹೆಚ್ಚಿನ ಮನೆಗಳ ಕೈಗೆ ಎಟುಕುವುದಿಲ್ಲ.

ಮುಂಬೈಯ ಟಾಟಾ ಮೆಮೋರಿಯಲ್ ಡಾಕ್ಟರುಗಳು ಬೇರೆ ದಿಕ್ಕಿನಿಂದ ಯೋಚಿಸಿದರು. ಯಾರಿಗೆ ಕೊಡಬೇಕು ಎನ್ನುವ ಬದಲು, ನಿಜವಾಗಿ ಎಷ್ಟು ಬೇಕು ಎಂದು ಕೇಳಿದರು. ಗುಣವಾಗುವ ಹಂತ ದಾಟಿದ ತಲೆ ಮತ್ತು ಕುತ್ತಿಗೆ ಕ್ಯಾನ್ಸರಿನ 151 ರೋಗಿಗಳನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಕಡಿಮೆ ಖರ್ಚಿನ ಮಾತ್ರೆಗಳು, ಇನ್ನೊಂದಕ್ಕೆ ಅದರ ಜೊತೆ ಮೂರು ವಾರಕ್ಕೊಮ್ಮೆ 20 ಮಿಲಿಗ್ರಾಂ ನಿವೊಲುಮ್ಯಾಬ್. ಸಾಮಾನ್ಯ ಡೋಸ್ ಎರಡು ವಾರಕ್ಕೆ 240 ಮಿಲಿಗ್ರಾಂ ಎಂಬುದು ನೆನಪಿರಲಿ. ಒಂದು ವರ್ಷದ ನಂತರ ಬದುಕಿದ್ದವರು ಮೊದಲ ಗುಂಪಿನಲ್ಲಿ ಶೇ. 16, ಎರಡನೆಯದರಲ್ಲಿ ಶೇ. 43. ಇದು 2022ರಲ್ಲಿ ಪ್ರಕಟವಾಯಿತು. ತಂಬಾಕು, ಗುಟ್ಕಾದಿಂದ ಬಾಯಿ ಕ್ಯಾನ್ಸರ್ ಇಷ್ಟೊಂದಿರುವ ನಮ್ಮ ನಾಡಿಗೆ ಹತ್ತಿರದ ಸುದ್ದಿ. ಹಾಗೆಂದು ಎಲ್ಲ ಕ್ಯಾನ್ಸರಿಗೂ ಕಡಿಮೆ ಡೋಸ್ ಸಾಕು ಎಂದು ಇದು ಹೇಳುವುದಿಲ್ಲ.

ರಿಪೋರ್ಟ್ ಹಿಡಿದು ಡಾಕ್ಟರ ಮುಂದೆ ಕೂತಾಗ

ಸ್ಕೋರ್ ಎಷ್ಟು ಅನ್ನುವುದಕ್ಕಿಂತ ಮೊದಲು, ಅದು ಟಿಪಿಎಸ್ಸೋ ಸಿಪಿಎಸ್ಸೋ, ಯಾವ ಆ್ಯಂಟಿಬಾಡಿ, ಯಾವ ಜಾಗದ ತುಣುಕು, ಎಷ್ಟು ಹಳೆಯದು ಎಂದು ಕೇಳಿ. ಶ್ವಾಸಕೋಶದ ಕ್ಯಾನ್ಸರಾದರೆ ಇಜಿಎಫ್‌ಆರ್, ಎಎಲ್‌ಕೆ ರಿಪೋರ್ಟ್ ಬಂದಿದೆಯೇ ಎಂದು ಕೇಳಿ. ಕರುಳು, ಗರ್ಭಕೋಶದ್ದಾದರೆ ಎಂಎಂಆರ್ ಮಾಡಿಸಿದ್ದಾರೆಯೇ ನೋಡಿ. ಅದು ಐಎಚ್‌ಸಿಯಲ್ಲೇ ಆಗುತ್ತದೆ, ಜೀನ್ ಪ್ಯಾನೆಲ್ಲಿಗಿಂತ ಖರ್ಚು ಎಷ್ಟೋ ಕಡಿಮೆ. ಈ ಸ್ಕೋರಿಗೆ ಔಷಧಿ ಒಂದನ್ನೇ ಕೊಡುತ್ತೀರೋ ಕೀಮೋ ಜೊತೆಗೋ, ಕೆಲಸ ಮಾಡುತ್ತಿಲ್ಲ ಎಂದು ಎಷ್ಟು ತಿಂಗಳಿಗೆ ತಿಳಿಯುತ್ತದೆ ಎಂಬುದನ್ನೂ ಕೇಳಿ.

ಇನ್ನೊಂದು ವಿಷಯ ಬ್ಲಾಕಿನದು. ಅದು ಬಯಾಪ್ಸಿ ಮಾಡಿದ ಲ್ಯಾಬಿನಲ್ಲಿರುತ್ತದೆ, ಬೇರೆ ಕಡೆ ಟೆಸ್ಟಿಗೆ ಬೇಕಾದರೆ ಅರ್ಜಿ ಕೊಟ್ಟು ಪಡೆಯಬಹುದು. ಸೂಜಿಯಲ್ಲಿ ತೆಗೆದ ಸಣ್ಣ ತುಣುಕಾದರೆ ಪ್ರತಿ ಟೆಸ್ಟಿಗೂ ಪದರ ಕತ್ತರಿಸುತ್ತಾ ಹೋದಂತೆ ಮುಗಿದೇಹೋಗುತ್ತದೆ. ಯಾವ ಟೆಸ್ಟ್ ಮೊದಲು ಎಂದು ಕತ್ತರಿಸುವ ಮುಂಚೆಯೇ ಮಾತಾಡಿಕೊಳ್ಳಬೇಕು. ತುಣುಕು ಸಾಲದೇ ಹೋದರೆ ಇಜಿಎಫ್‌ಆರ್ ಮ್ಯುಟೇಶನ್ನನ್ನು ರಕ್ತದಲ್ಲಿ ಹುಡುಕಬಹುದು. ರಕ್ತದಲ್ಲಿ ಸಿಕ್ಕರೆ ಇದೆ ಎಂದರ್ಥ. ಸಿಗದಿದ್ದರೆ ಇಲ್ಲ ಎಂದು ಹೇಳಲಾಗದು, ಮತ್ತೆ ಬಯಾಪ್ಸಿ ಮಾಡಬೇಕಾಗಬಹುದು.